ಆರ್‌ಸಿ ಇಲ್ಲದ ಹಗುರ ಎಂಡ್ಯೂರೋ ಬೈಕ್: ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಸೆಕೆಂಡ್ ಹ್ಯಾಂಡ್ ಎಂಡ್ಯೂರೋ ಬೈಕ್‌ಗಳು ಕೈಯಿಂದ ಕೈಗೆ ಓಡಾಡುತ್ತಿವೆ. ರೇಸಿಗೆಂದೇ ಮಾಡಿದ, ಹೆಡ್‌ಲೈಟ್ ಇದ್ದರೂ ನಂಬರ್ ಪ್ಲೇಟ್ ಇಲ್ಲದ ಗಾಡಿಗಳು. ನನ್ನ ಚಿಕ್ಕಪ್ಪನ ಮಗ ಅಂಥದೊಂದನ್ನು ತೆಗೆದುಕೊಂಡು ಕೈ ಸುಟ್ಟುಕೊಂಡ. ಮಾರಿದವನ ಶೆಡ್ಡಿನಲ್ಲಿ ಅಂಥವೇ ಇನ್ನೂ ನಿಂತಿದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ಹಗುರ ಗಾಡಿ ಬೇಕು ಅನ್ನುವುದು ಬರೀ ಶೋಕಿ ಅಲ್ಲ. ನಮ್ಮದು ಮೂಡಿಗೆರೆ ಹತ್ತಿರದ ತೋಟ. ಜೂನ್ ಬಂತೆಂದರೆ ತೋಟದ ರಸ್ತೆಯಲ್ಲಿ ಜೀಪೇ ಜಾರುತ್ತದೆ. ರಾಯಲ್ ಎನ್‌ಫೀಲ್ಡ್‌ನ ಹಳೇ ಹಿಮಾಲಯನ್ 411 ಬೈಕು ಹತ್ತಿರ ಹತ್ತಿರ 200 ಕೆಜಿ. ಅದು ಚರಂಡಿಗೆ ಬಿದ್ದರೆ ಒಬ್ಬನೇ ಎತ್ತುವುದು ಆಗದ ಮಾತು. ಹೀರೋದ ಎಕ್ಸ್‌ಪಲ್ಸ್ 200 4ವಿ 158 ಕೆಜಿ ಆಸುಪಾಸು. ಹಾಗಿರುವಾಗ 105 ಕೆಜಿಯ ಎಂಡ್ಯೂರೋ ಗಾಡಿ ಅಂದರೆ ಯಾರಿಗೆ ಆಸೆ ಆಗುವುದಿಲ್ಲ? (ಆ 105 ಪೆಟ್ರೋಲು, ಆಯಿಲ್, ಕೂಲಂಟ್ ಯಾವುದೂ ಇಲ್ಲದ ಲೆಕ್ಕ. ಪೆಟ್ರೋಲ್ ಒಂಬತ್ತು ಲೀಟರ್ ತುಂಬಿಸಿದರೆ ಅದೊಂದೇ ಆರೂವರೆ ಕೆಜಿ ಮೇಲೆ.)

ನಾವು ಹೋದಾಗ ಮಾರುವವನು ಗಾಡಿ ತೊಳೆದು, ಹೊಸ ಸ್ಟಿಕರ್ ಅಂಟಿಸಿ ನಿಲ್ಲಿಸಿದ್ದ. "ಅಣ್ಣ, ಒಂದೇ ಸೀಸನ್ ಓಡಿಸಿದ್ದು. ಮೀಟರ್ ನೋಡ್ಕೊಳ್ಳಿ, ಅರವತ್ತು ಗಂಟೆನೂ ಆಗಿಲ್ಲ" ಅಂದ. ಸೆಲ್ಫ್ ಸ್ಟಾರ್ಟ್ ಒಂದು ಸಲ ಒತ್ತಿದ್ದಕ್ಕೇ ಇಂಜಿನ್ ಶುರುವಾಯಿತು. ಶೆಡ್ಡಿನ ಮುಂದಿನ ಟಾರ್ ರಸ್ತೆಯಲ್ಲಿ ಆ ತುದಿಗೆ ಹೋಗಿ ಬನ್ನಿ ಅಂದ. ದಿಣ್ಣೆ ಹತ್ತಿಸಿ ನೋಡುತ್ತೇವೆ ಅಂದರೆ, ಟೈರ್ ಹೊಸದು, ಕೊಂಡ ಮೇಲೆ ಹತ್ತಿಸಿಕೊಳ್ಳಿ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟ.

ಆ ಮೀಟರ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಈ ರೇಸ್ ಗಾಡಿಗಳ ಸರ್ವೀಸ್ ಲೆಕ್ಕ ಕಿಲೋಮೀಟರ್‌ನಲ್ಲಿ ಅಲ್ಲ, ಇಂಜಿನ್ ಓಡಿದ ಗಂಟೆಗಳಲ್ಲಿ. ಆಯಿಲ್ ಬದಲಾಯಿಸುವುದೂ ಗಂಟೆ ಲೆಕ್ಕ, ಪಿಸ್ಟನ್ ಬದಲಾಯಿಸುವುದೂ ಗಂಟೆ ಲೆಕ್ಕ. ಎಷ್ಟೋ ಗಾಡಿಗಳಲ್ಲಿರುವ ಗಂಟೆ ಮೀಟರ್ ಒಂದು ಪುಟ್ಟ ಡಬ್ಬಿ ಅಷ್ಟೇ. ಅದರ ವೈರನ್ನು ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತಿದರೆ ಕೆಲಸ ಮುಗಿಯಿತು. ಹಳೇದು ಕಿತ್ತು ಹೊಸದು ಅಂಟಿಸಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಹಾಗಾಗಿ ಮೀಟರ್ ಬಿಡಿ, ಗಾಡಿಯ ಮೈ ನೋಡಿ. ಕಾಲಿಡುವ ಫುಟ್‌ಪೆಗ್ಗಿನ ಹಲ್ಲುಗಳು ಚೂಪಾಗಿವೆಯೋ ಮೊಂಡಾಗಿವೆಯೋ? ಬೂಟು ತಾಗುವ ಕಡೆ ಇಂಜಿನ್ ಕವರಿನ ಬಣ್ಣ ಉಜ್ಜಿಹೋಗಿದೆಯೋ? ಚೈನ್ ಉಜ್ಜುವ ಪ್ಲಾಸ್ಟಿಕ್ ಪಟ್ಟಿ ಎಷ್ಟು ಆಳ ಸವೆದಿದೆ? ನಮ್ಮ ಗಾಡಿಯಲ್ಲಿ ಆ ಪಟ್ಟಿ ಪೂರ್ತಿ ಸವೆದು ಚೈನ್ ಅಲ್ಯುಮಿನಿಯಮ್ಮಿಗೇ ಗೀರು ಹಾಕಿತ್ತು. ಅರವತ್ತು ಗಂಟೆಗೆ ಅಷ್ಟು ಸವೆಯುವುದು ನಂಬೋ ಮಾತಲ್ಲ. ಅಂದು ಆ ಜಾಗಕ್ಕೆ ದಪ್ಪಗೆ ಗ್ರೀಸ್ ಮೆತ್ತಿದ್ದ.

ಮನೆಗೆ ತಂದು ತೋಟದ ಏರಿನಲ್ಲಿ ಓಡಿಸಿದಾಗ ಬಣ್ಣ ಬಯಲಾಯಿತು. ಕಲ್ಲು ಹಾಸಿದ ದಿಣ್ಣೆ, ಫಸ್ಟ್ ಗೇರು, ಅರ್ಧ ಕ್ಲಚ್. ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಕುದಿಯಿತು. ಇಂಥ ಎಷ್ಟೋ ಗಾಡಿಗಳಿಗೆ ಫ್ಯಾನ್ ಇರುವುದಿಲ್ಲ. ಗಾಳಿ ನುಗ್ಗುವ ವೇಗದಲ್ಲಿ ಹೋದರೆ ಮಾತ್ರ ಇಂಜಿನ್ ತಣ್ಣಗಿರುತ್ತದೆ. ತಣಿಸಿ ಮತ್ತೆ ಹತ್ತಿಸುವಷ್ಟರಲ್ಲಿ ಒಳಗಿಂದ ಕಟಕಟ ಸದ್ದು. ಆಮೇಲೆ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಮಗುಚಿತು. ಕಾಲು ಗಾಡಿಯಡಿಗೆ ಸಿಕ್ಕಿತ್ತು. ಒಳ್ಳೇ ಬೂಟು ಹಾಕಿದ್ದಕ್ಕೆ ಮೂಳೆ ಉಳಿಯಿತು.

ಚಿಕ್ಕಮಗಳೂರಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆವು. ಡ್ರೈನ್ ಬೋಲ್ಟ್ ತೆಗೆದರೆ ಇಳಿದ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ಅಂದರೆ ವಾಟರ್ ಪಂಪಿನ ಸೀಲು ಹೋಗಿ ಕೂಲಂಟ್ ಆಯಿಲ್‌ಗೆ ಸೇರಿದೆ. ಆ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೇರಿಂಗ್ ಪುಡಿಯಾಗಿತ್ತು. ಆಮೇಲೆ ಇಂಜಿನ್ ಕೆಳಗಿನ ರಕ್ಷಣೆ ತಟ್ಟೆ ಬಿಚ್ಚಿದರು. ಒಳಗೆ ಗಟ್ಟಿಯಾದ ಕೆಂಪು ಮಣ್ಣು. ಅದನ್ನು ಕೆರೆದರೆ ಕೇಸಿಂಗ್ ಮೇಲೆ ಬೆರಳುದ್ದದ ಎಂ-ಸೀಲ್ ತೇಪೆ, ಅದರ ಮೇಲೆ ಬೆಳ್ಳಿ ಬಣ್ಣ. ಬಂಡೆಗೆ ಹೊಡೆದು ಬಿರುಕು ಬಿಟ್ಟ ಇಂಜಿನ್ನನ್ನು ಮುಚ್ಚಿ ಮಾರಿದ್ದ. ಗೊತ್ತಿದ್ದೇ ಮಾಡಿದ ಕೆಲಸ ಇದು.

ಫೋನ್ ಮಾಡಿದರೆ "ಆಫ್‌ರೋಡ್ ಗಾಡಿಗೆ ಗ್ಯಾರಂಟಿ ಯಾರು ಕೊಡ್ತಾರೆ" ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಕೊಟ್ಟ ಬಿಲ್ಲು ಬೇರೆ ಯಾರದೋ ಹೆಸರಿನ ಜೆರಾಕ್ಸ್. ಚಾಸಿ ನಂಬರಿನ ಕೊನೆಯ ಅಂಕಿಗಳು ಗಾಡಿ ಮೇಲಿನದಕ್ಕೆ ತಾಳೆಯಾಗಲಿಲ್ಲ. ಕದ್ದ ಮಾಲೋ ಏನೋ ಅನ್ನುವ ಭಯ ಬೇರೆ. ಸ್ಟೇಷನ್ನಿಗೆ ದೂರು ಕೊಟ್ಟಿದ್ದೇವೆ.

ಇಂಜಿನ್ ಚೆನ್ನಾಗಿದ್ದರೂ ಈ ಗಾಡಿ ನಮ್ಮ ಕಡೆಗೆ ಉಪಯೋಗವಿಲ್ಲ ಅಂತ ನನಗೀಗ ಅನ್ನಿಸುತ್ತದೆ. ಮಲೆನಾಡಿನಲ್ಲಿ ಯಾವ ತೋಟದ ದಾರಿಯೂ ಇನ್ನೊಂದಕ್ಕೆ ನೇರ ಸೇರುವುದಿಲ್ಲ. ನಡುವೆ ಪಂಚಾಯತಿ ರಸ್ತೆಯೋ ಟಾರ್ ರಸ್ತೆಯೋ ಸಿಕ್ಕೇ ಸಿಗುತ್ತದೆ. ಅಲ್ಲಿಗೆ ಇಳಿದ ಕೂಡಲೇ ರಿಜಿಸ್ಟ್ರೇಷನ್ ಬೇಕು, ಇನ್ಶೂರೆನ್ಸ್ ಬೇಕು. ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದೆ ಓಡಿಸುವ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿವರೆಗೆ ದಂಡ. ದಂಡ ಬಿಡಿ, ಸ್ಕೂಲಿಗೆ ಹೋಗುವ ಮಗುವಿಗೆ ತಾಗಿದರೆ ಗತಿ ಏನು? ಇನ್ಶೂರೆನ್ಸ್ ಇಲ್ಲ ಅಂದರೆ ಪರಿಹಾರ ಪೂರ್ತಿ ನಮ್ಮ ತಲೆ ಮೇಲೆ. "ಇಲ್ಲಿ ಪೊಲೀಸರು ಯಾರೂ ಹಿಡಿಯಲ್ಲ" ಅನ್ನುವವನ ಮಾತಿಗೆ ಕಿವಿ ಕೊಡಬೇಡಿ. ಶೋಲಾ ಹುಲ್ಲುಗಾವಲಿಗೆ, ಕಾಡಿಗೆ ನುಗ್ಗಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಕೇಸೂ ಹೌದು, ಹುಲ್ಲಿನ ಬೇರು ಕಿತ್ತ ಜಾಗದಲ್ಲಿ ಮಳೆಗೆ ಗುಡ್ಡವೇ ಕೊರೆದುಹೋಗುತ್ತದೆ.

ನೋಂದಣಿ ಆಗುವ ಹಗುರ ಗಾಡಿ ಈಗ ಇಲ್ಲದೆ ಏನಿಲ್ಲ. ಕವಾಸಕಿ ಕೆಎಲ್‌ಎಕ್ಸ್ 230 ಬಂದಿದೆ, 139 ಕೆಜಿ. ಸೀಟು ಎತ್ತರ, ಕುಳ್ಳಗಿರುವವರು ಕೂತು ನೋಡಿಯೇ ತೀರ್ಮಾನ ಮಾಡಿ. ಜಾರುವ ಇಳಿಜಾರಿನಲ್ಲಿ ಕಾಲು ನೆಲಕ್ಕೆ ಸಿಗುವುದು ಹತ್ತು ಕೆಜಿ ಕಡಿಮೆ ಇರುವುದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಎಕ್ಸ್‌ಪಲ್ಸ್‌ನ ಚಕ್ರ ಮುಂದೆ 21, ಹಿಂದೆ 18 ಇಂಚು, ನೆಲದಿಂದ 220 ಮಿಮೀ ಎತ್ತರ. ತೋಟದ ಕೆಲಸಕ್ಕೆ ಧಾರಾಳ ಸಾಕು. ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ.

ಇಷ್ಟಾದರೂ ಸೆಕೆಂಡ್ ಹ್ಯಾಂಡೇ ನೋಡುವವರು ಹೇಳದೇ ಕೇಳದೇ ಬೆಳಿಗ್ಗೆ ಹೋಗಿ. ಮೊದಲು ಇಂಜಿನ್ ಮುಟ್ಟಿ, ತಣ್ಣಗಿರಬೇಕು. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಅಂತಲೇ ತಿಳಿಯಿರಿ. ಆಯಿಲ್ ಬಣ್ಣ ನೋಡಿ. ಕೆಳಗಿನ ತಟ್ಟೆ ನಿಮ್ಮೆದುರೇ ಬಿಚ್ಚಿಸಿ, ನಾಲ್ಕೈದು ಬೋಲ್ಟಿನ ಕೆಲಸ. ಗಾಡಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಎತ್ತಿ ನೋಡಿ. ಲೊಡಲೊಡ ಅಂದರೆ ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜ್ ಬೇರಿಂಗ್ ಹೋಗಿರಬಹುದು. ದಿಣ್ಣೆ ಹತ್ತಿಸಲು ಬಿಡದವನ ಗಾಡಿ ಬೇಡವೇ ಬೇಡ.

ಈಗಾಗಲೇ ಅಡ್ವಾನ್ಸ್ ಕೊಟ್ಟವರು ಇದ್ದರೆ, ಚಾಸಿ ನಂಬರು ಮತ್ತು ಬಿಲ್ಲು ಪಕ್ಕಪಕ್ಕ ಇಟ್ಟ ಫೋಟೋ ಇವತ್ತೇ ಕೇಳಿ. ಕಳಿಸಲಿಲ್ಲ ಅಂದರೆ ಅಡ್ವಾನ್ಸ್ ಹೋದರೂ ಹೋಗಲಿ, ಬಾಕಿ ದುಡ್ಡು ಕೊಡಬೇಡಿ.