ಜಿರೊದಿಂದ ಮೆಚುಕಾವರೆಗೆ ಖಾಸಗಿ ಗಾಡಿ ಪ್ರವಾಸ: ದಾರಿ ಚೆಂದ, ದಿನಗಳ ಲೆಕ್ಕ ತಪ್ಪು

ಅರುಣಾಚಲ ಪ್ರದೇಶದ ನಡುಭಾಗದ ಕಣಿವೆಗಳನ್ನು ಖಾಸಗಿ ಗಾಡಿಯಲ್ಲಿ ತೋರಿಸುವ ಪ್ರವಾಸವನ್ನು ಗುವಾಹಟಿ, ಇಟಾನಗರ, ದಿಬ್ರುಗಢದ ಹಲವು ಏಜೆನ್ಸಿಗಳು ಮಾರುತ್ತವೆ. ಹೆಸರು ಬೇರೆಬೇರೆ ಇದ್ದರೂ ಸರಕು ಹೆಚ್ಚುಕಡಿಮೆ ಒಂದೇ. ಒಂದು ಗಾಡಿ, ಒಬ್ಬ ಚಾಲಕ, ಏಳು ರಾತ್ರಿ. ಗುವಾಹಟಿಯಿಂದ ಇಟಾನಗರ, ಅಲ್ಲಿಂದ ಜಿರೊ, ದಾಪೊರಿಜೊ, ಆಲೊ, ಮೆಚುಕಾ, ಮತ್ತೆ ಆಲೊ, ಕೊನೆಗೆ ಪಾಸಿಘಾಟ್ ಹಾದು ದಿಬ್ರುಗಢ. ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಹೀಗೆ ಮಾರಾಟವಾಗುವ ಪ್ರವಾಸದ್ದು. ದುಡ್ಡು ಕಟ್ಟುವ ಮೊದಲು ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಿ ಎಂದು ಹಟ ಹಿಡಿಯಬೇಕು ಎಂಬುದು ಇಲ್ಲಿದೆ.

ಮೊದಲು ತೀರ್ಪು ಹೇಳಿಬಿಡುತ್ತೇವೆ. ಈ ದಾರಿಯನ್ನು ಖಾಸಗಿ ಗಾಡಿಯಲ್ಲಿ ಮಾಡುವುದೇ ಸರಿ. ಶೇರ್ ಸುಮೊಗಳು ಓಡುತ್ತವೆ, ಅಗ್ಗವೂ ಹೌದು. ಆದರೆ ಅವು ಬೆಳಗ್ಗೆಯೇ ಹೊರಟುಬಿಡುತ್ತವೆ, ಹಳ್ಳಿಗಳಲ್ಲಿ ನಿಲ್ಲುವುದಿಲ್ಲ, ಹಿಂದಿನ ಸೀಟು ಸಿಕ್ಕರೆ ದಿನವಿಡೀ ಬೆನ್ನುನೋವು. ಖಾಸಗಿ ಗಾಡಿಯ ಲಾಭವಿರುವುದು ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯದಲ್ಲಿ. ಏಳು ರಾತ್ರಿಯ ಪ್ಯಾಕೇಜು ಆ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುತ್ತದೆ; ದಿನವೂ ಓಡುತ್ತಲೇ ಇರಬೇಕಾಗುತ್ತದೆ.

ದೂರದ ಲೆಕ್ಕ ನೋಡಿ. ಜಿರೊದಿಂದ ದಾಪೊರಿಜೊ ಸುಮಾರು 160 ಕಿ.ಮೀ. ದಾಪೊರಿಜೊದಿಂದ ಬಾಸರ್ ಮೇಲೆ ಆಲೊಗೆ ಹೆಚ್ಚುಕಡಿಮೆ ಅಷ್ಟೇ. ಆಲೊದಿಂದ ಮೆಚುಕಾ ಸುಮಾರು 185 ಕಿ.ಮೀ. ಬಯಲುಸೀಮೆಯ ಹೆದ್ದಾರಿಯಲ್ಲಿ ಇವು ಮೂರು ಗಂಟೆಯ ದಾರಿಗಳು. ಇಲ್ಲಿ ಗಂಟೆಗೆ 25 ಕಿ.ಮೀ. ಸರಾಸರಿ ಸಿಕ್ಕರೆ ಅದೃಷ್ಟ. ಊಟ, ಚಹಾ, ಫೋಟೊ ಸೇರಿ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಚಾರ್ಮಾಡಿ ಘಾಟಿ ಮುಗಿಯದೆ ಬೆಳಗಿನಿಂದ ಸಂಜೆಯವರೆಗೆ ಮುಂದುವರಿದರೆ ಹೇಗಿರುತ್ತದೋ ಹಾಗೆ. ಜೊತೆಗೆ ಬೆಳಕಿನ ಮಿತಿ ಬೇರೆ. ದೇಶದ ಪೂರ್ವ ತುದಿಯಾದ್ದರಿಂದ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿ, ಐದಕ್ಕೆಲ್ಲ ಕತ್ತಲು. ಬೆಳಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಡುವ ಅಭ್ಯಾಸವಿದ್ದರೆ ಕೊನೆಯ ಒಂದೆರಡು ಗಂಟೆ ಕತ್ತಲಲ್ಲಿ, ಕುಸಿದ ಅಂಚಿನ ರಸ್ತೆಯಲ್ಲಿ ಕಳೆಯಬೇಕಾಗುತ್ತದೆ. ಆರು ಗಂಟೆಗೆ ಚಕ್ರ ಉರುಳಬೇಕು. ತಿಂಡಿ ದಾರಿಯಲ್ಲಿ. ‘ಬ್ರೇಕ್‌ಫಾಸ್ಟ್ ನಂತರ ಹೊರಡುವುದು’ ಎಂದು ಪಟ್ಟಿಯಲ್ಲಿ ದಿನವೂ ಬರೆದಿರುವ ಏಜೆನ್ಸಿಗೆ ಈ ದಾರಿ ಗೊತ್ತಿಲ್ಲವೆಂದೇ ತಿಳಿಯಿರಿ.

ಏಳು ರಾತ್ರಿಯ ಪಟ್ಟಿಯಲ್ಲಿ ಮೆಚುಕಾಗೆ ಒಂದೇ ರಾತ್ರಿ ಇರುತ್ತದೆ. ಇದು ಅದರ ಅತಿ ದೊಡ್ಡ ದೋಷ. ಹೋಗಲು ಒಂದು ದಿನ, ಬರಲು ಒಂದು ದಿನ, ನಡುವೆ ನೋಡಲು ಕತ್ತಲು ಮಾತ್ರ. ನಮ್ಮ ಸಲಹೆ ಹೀಗೆ: ಗುವಾಹಟಿ–ಇಟಾನಗರದ ಸುಮಾರು 330 ಕಿ.ಮೀ. ಅಸ್ಸಾಮಿನ ಬಯಲನ್ನು ಕಾರಿನಲ್ಲಿ ಸವೆಸಬೇಡಿ. ರಾತ್ರಿ ರೈಲು ಡೋನ್ಯಿ ಪೋಲೊ ಎಕ್ಸ್‌ಪ್ರೆಸ್ ಹತ್ತಿ ಇಟಾನಗರದ ಪಕ್ಕದ ನಾಹರ್ಲಗುನ್‌ನಲ್ಲಿ ಇಳಿಯಿರಿ, ಇಲ್ಲವೇ 2022ರಲ್ಲಿ ಶುರುವಾದ, ಇಟಾನಗರದ ಬಳಿಯ ಹೊಲ್ಲೊಂಗಿಯ ವಿಮಾನ ನಿಲ್ದಾಣಕ್ಕೆ ಬನ್ನಿ, ಗಾಡಿ ಅಲ್ಲಿಂದ ಹಿಡಿಯಿರಿ. ನಂತರ ಜಿರೊದಲ್ಲಿ ಮೂರು ರಾತ್ರಿ, ದಾಪೊರಿಜೊದಲ್ಲಿ ಒಂದು, ಆಲೊದಲ್ಲಿ ಒಂದು, ಮೆಚುಕಾದಲ್ಲಿ ಮೂರು, ಮರಳುವಾಗ ಆಲೊದಲ್ಲಿ ಒಂದು, ಪಾಸಿಘಾಟ್‌ನಲ್ಲಿ ಒಂದು. ಒಟ್ಟು ಹತ್ತು ರಾತ್ರಿ. ಅಷ್ಟು ರಜೆ ಇಲ್ಲವೆಂದರೆ ಮೆಚುಕಾ ಬಿಟ್ಟು ಜಿರೊ ಒಂದನ್ನೇ ನಾಲ್ಕು ದಿನ ಮಾಡಿ. ಅರೆಬರೆ ಎರಡಕ್ಕಿಂತ ಅದು ಮೇಲು. ಇದೇ ಪಟ್ಟಿಗೆ ತವಾಂಗ್ ಸೇರಿಸಿ ‘ಸಂಪೂರ್ಣ ಅರುಣಾಚಲ’ ಎಂದು ಮಾರುವವರೂ ಇದ್ದಾರೆ. ತವಾಂಗ್ ರಾಜ್ಯದ ಪಶ್ಚಿಮ ತುದಿ, ಜಿರೊದಿಂದ ಅಲ್ಲಿಗೆ ತಲುಪಲು ಎರಡು ದಿನ ಬೇಕು. ಬೇಡ.

ತವಾಂಗ್ ದಾರಿಗೆ ಹೋಲಿಸಿದರೆ ಈ ದಾರಿಗೊಂದು ಅನುಕೂಲವಿದೆ. ಅಲ್ಲಿ ಸೇಲಾ ಕಣಿವೆದಾರಿ 13,700 ಅಡಿಗೆ ಏರುತ್ತದೆ, 2024ರಲ್ಲಿ ತೆರೆದ ಸುರಂಗವೂ 13,000 ಅಡಿಯ ಆಸುಪಾಸಿನಲ್ಲೇ ಇದೆ. ಇಲ್ಲಿ ಜಿರೊ 5,000 ಅಡಿಗೆ ತುಸು ಮೇಲೆ, ಮೆಚುಕಾ ಸುಮಾರು 6,000 ಅಡಿ. ಎತ್ತರದ ಕಾಯಿಲೆಯ ಚಿಂತೆಯಿಲ್ಲ. ವಯಸ್ಸಾದವರನ್ನು ಕರೆದೊಯ್ಯುವುದಾದರೆ ಕಾಡುವುದು ತಿರುವುಗಳು ಮತ್ತು ಕುಲುಕಾಟ. ವಾಂತಿಯಾಗುವವರು ಮುಂದಿನ ಸೀಟಿನಲ್ಲಿ ಕೂತು, ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಬಹುಮಟ್ಟಿಗೆ ಸುಧಾರಿಸುತ್ತದೆ. ವಾಂತಿ ಶುರುವಾದ ಮೇಲೆ ಮಾತ್ರೆ ನಿಲ್ಲುವುದಿಲ್ಲ.

ಗಾಡಿಯ ವಿಷಯಕ್ಕೆ ಬರೋಣ. ಇನ್ನೋವಾ, ಸ್ಕಾರ್ಪಿಯೊ, ಬೊಲೆರೊ, ಸುಮೊ ಈ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಸೆಡಾನ್ ಬೇಡವೇ ಬೇಡ. ಮಣ್ಣು ಕುಸಿದು ತೆರವು ಮಾಡಿದ ಜಾಗಗಳಲ್ಲಿ ಚಕ್ರದ ಜಾಡು ಆಳವಾಗಿ, ನಡುವೆ ಕಲ್ಲಿನ ದಿಣ್ಣೆ ಉಳಿದಿರುತ್ತದೆ, ತಳ ತಾಗಿ ಆಯಿಲ್ ಸಂಪ್ ಒಡೆದರೆ ಅಲ್ಲಿಗೆ ಪ್ರವಾಸ ಮುಗಿಯಿತು. ನಾಲ್ವರು ಸಾಮಾನಿನೊಂದಿಗೆ ಆರಾಮಾಗಿ ಕೂರಲು ಇನ್ನೋವಾ ಒಳ್ಳೆಯದು. ಕೆಸರಿನ ತಿಂಗಳಲ್ಲಿ ಫೋರ್ ವೀಲ್ ಇರುವ ಸ್ಕಾರ್ಪಿಯೊ ಸಿಕ್ಕರೆ ಅದನ್ನೇ ಕೇಳಿ. ಗಾಡಿಯ ಮಾದರಿಗಿಂತ ಟಯರ್ ಮುಖ್ಯ. ಹೊರಡುವ ಹಿಂದಿನ ದಿನ ಐದೂ ಟಯರುಗಳ ಫೋಟೊ ತರಿಸಿಕೊಳ್ಳಿ. ಹೌದು, ಸ್ಟೆಪ್ನಿಯದ್ದೂ ಸೇರಿ. ಪಂಕ್ಚರ್ ಕಿಟ್, ಗಾಳಿ ಪಂಪು, ಎಳೆಯುವ ಹಗ್ಗ, ಒಂದು ಸಲಿಕೆ ಇರಬೇಕು.

ಇಂಧನದ ಲೆಕ್ಕವನ್ನು ಚಾಲಕನ ಜೊತೆ ಮೊದಲೇ ಮಾತಾಡಿ. ಜಿರೊದ ಪೇಟೆಯಾದ ಹಪೋಲಿ, ದಾಪೊರಿಜೊ, ಆಲೊದಲ್ಲಿ ಬಂಕ್‌ಗಳಿವೆ. ಮೆಚುಕಾದಲ್ಲಿ ಸಿಕ್ಕೀತು ಎಂದು ನಂಬಿ ಹೊರಡಬಾರದು. ಆಲೊದಿಂದ ಹೋಗಿಬರಲು 370 ಕಿ.ಮೀ., ಕಣಿವೆಯೊಳಗಿನ ಓಡಾಟಕ್ಕೆ 60. ಗುಡ್ಡದಲ್ಲಿ ಲೀಟರಿಗೆ ಒಂಬತ್ತೂವರೆ ಕಿ.ಮೀ. ಎಂದು ಹಿಡಿದರೂ 45 ಲೀಟರ್ ಬೇಕು. ಅಂದರೆ ಆಲೊದಲ್ಲಿ ಟ್ಯಾಂಕ್ ಬಾಯಿವರೆಗೆ ತುಂಬಲೇಬೇಕು. ದಾರಿಯಲ್ಲಿ ರಸ್ತೆ ಕಟ್ಟಿ ಎಂಜಿನ್ ಚಾಲೂ ಇಟ್ಟು ಕಾಯುವುದು ಈ ಲೆಕ್ಕದಲ್ಲಿ ಸೇರಿಲ್ಲ.

ಚಾಲಕ ಹೇಗಿದ್ದಾನೆ ಎಂದು ಮೊದಲ ಇಳಿಜಾರಿನಲ್ಲೇ ತಿಳಿಯುತ್ತದೆ. ಜಿರೊದಿಂದ ದಾಪೊರಿಜೊಗೆ ರಸ್ತೆ ಸಾವಿರಾರು ಅಡಿ ಕೆಳಕ್ಕೆ ಇಳಿಯುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಸುವವನು ನುರಿತವನು. ಮೂರು ನಾಲ್ಕರಲ್ಲಿ ಬಿಟ್ಟು ಬ್ರೇಕ್ ಒತ್ತುತ್ತಲೇ ಇರುವವನ ಗಾಡಿಯಲ್ಲಿ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಲೈನಿಂಗ್ ಬಿಸಿಯಾಗಿ ಬ್ರೇಕ್ ಹಿಡಿಯುವುದೇ ಕಡಿಮೆಯಾಗುತ್ತದೆ. ವಾಸನೆ ಬಂದರೆ ನಿಲ್ಲಿಸಲು ಹೇಳಿ, ಅರ್ಧ ಗಂಟೆ ತಣಿಯಲು ಬಿಡಿ, ಬಿಸಿ ಡಿಸ್ಕ್ ಮೇಲೆ ನೀರು ಸುರಿಯಲು ಬಿಡಬೇಡಿ. ಇನ್ನೊಂದು ಗುರುತು ಮಿಥುನ್. ದಪ್ಪ ಕೊಂಬಿನ ಈ ದನ ಕಾಡಿನಲ್ಲಿ, ರಸ್ತೆಯಲ್ಲಿ ಬಿಡುಬೀಸಾಗಿ ತಿರುಗುತ್ತದೆ. ಯಾರದೂ ಅಲ್ಲವೆಂದು ಕಂಡರೂ ಪ್ರತಿಯೊಂದಕ್ಕೂ ಒಡೆಯನಿದ್ದಾನೆ. ಮದುವೆಯ ಮಾತುಕತೆ, ಜಗಳದ ತೀರ್ಮಾನ, ಹಬ್ಬದ ಬಲಿ ಎಲ್ಲವೂ ಮಿಥುನ್ ಲೆಕ್ಕದಲ್ಲೇ ನಡೆಯುತ್ತಿದ್ದ ಸಮಾಜವಿದು. ಗುದ್ದಿದರೆ ದೊಡ್ಡ ಮೊತ್ತದ ದಂಡ ತೆರಬೇಕು. ಸ್ಥಳೀಯ ಚಾಲಕ ತಿರುವಿನಲ್ಲಿ ಹಾರ್ನ್ ಹೊಡೆದು ನಿಧಾನಿಸುವುದಕ್ಕೆ ಇದೂ ಒಂದು ಕಾರಣ.

ಅರುಣಾಚಲದೊಳಗೆ ಬರಲು ಎಲ್ಲ ಹೊರರಾಜ್ಯದವರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. 1873ರ ಬಂಗಾಳ ಈಸ್ಟರ್ನ್ ಫ್ರಾಂಟಿಯರ್ ರೆಗ್ಯುಲೇಶನ್‌ನಿಂದ ಬಂದ ನಿಯಮ. ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು, ಇದಕ್ಕಾಗಿ ಏಜೆನ್ಸಿ ದೊಡ್ಡ ಸೇವಾಶುಲ್ಕ ಕೇಳಿದರೆ ಕೊಡಬೇಡಿ. ಎಡವುವುದು ಸಣ್ಣ ವಿಷಯಗಳಲ್ಲಿ. ಅರ್ಜಿಯಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಚೆಕ್ ಗೇಟಿನಲ್ಲಿ ತೋರಿಸಬೇಕು. ಆಧಾರ್ ನಂಬರ್ ಕೊಟ್ಟು ಲೈಸೆನ್ಸ್ ಹಿಡಿದು ಹೋದರೆ ಕಿರಿಕಿರಿ. ಕೊನೆಯ ದಿನಾಂಕವನ್ನು ವಾಪಸ್ ಬರುವ ದಿನಕ್ಕಿಂತ ಎರಡು ದಿನ ಮುಂದಕ್ಕೆ ಹಾಕಿ, ರಸ್ತೆ ಕುಸಿದರೆ ಬೇಕಾಗುತ್ತದೆ. ಮೂರ್ನಾಲ್ಕು ಪ್ರಿಂಟ್ ಇರಲಿ, ಫೋನಿನಲ್ಲಿ ತೋರಿಸಿದರೆ ಎಲ್ಲ ಗೇಟಿನಲ್ಲೂ ನಡೆಯದು. ಚಾಲಕ ಅಸ್ಸಾಮಿನವನಾದರೆ ಅವನಿಗೂ ಪರ್ಮಿಟ್ ಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ವಿದೇಶಿಯರಿಗೆ ಬೇರೆ ಪರವಾನಗಿ, ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್; ಅದನ್ನು ಏಜೆನ್ಸಿಯ ಕೈಗೇ ಬಿಡುವುದು ಒಳ್ಳೆಯದು.

ಇನ್ನು ಹಳ್ಳಿಗಳು. ಪ್ರವಾಸದ ಜೀವ ಇರುವುದು ಇಲ್ಲಿ, ಮಾರುವವರು ಕೆಡಿಸುವುದೂ ಇಲ್ಲೇ. ಜಿರೊ ಕಣಿವೆಯ ಅಪತಾನಿ ಬುಡಕಟ್ಟಿನ ಹಿರಿಯ ಮಹಿಳೆಯರ ಮೂಗಿನ ಬಿಲ್ಲೆ, ಮುಖದ ಹಚ್ಚೆ ಜಾಹೀರಾತುಗಳ ಮುಖಪುಟವಾಗಿಬಿಟ್ಟಿವೆ. ಆ ಪದ್ಧತಿ 1970ರ ದಶಕದಲ್ಲೇ ನಿಂತಿತು. ಈಗ ಉಳಿದಿರುವವರೆಲ್ಲ ಅಜ್ಜಿಯರು. ಗಾಡಿ ನಿಲ್ಲಿಸಿ, ಹೊಸ್ತಿಲಲ್ಲಿ ಕೂತ ಅಜ್ಜಿಯ ಮುಖಕ್ಕೆ ಕ್ಯಾಮೆರಾ ಹಿಡಿದು, ನೋಟು ಕೊಟ್ಟು ಹೊರಡುವುದನ್ನು ‘ಬುಡಕಟ್ಟು ಅನುಭವ’ ಎಂದು ಮಾರುವುದು ಆ ಅಜ್ಜಿಗೆ ಮಾಡುವ ಅವಮಾನ. ಅಂಥ ಸಾಲು ಪಟ್ಟಿಯಲ್ಲಿ ಕಂಡರೆ ಬೇರೆ ಏಜೆನ್ಸಿ ಹುಡುಕಿ.

ಬದಲಿಗೆ ಕೇಳಬೇಕಾದ್ದು ಹಾಂಗ್, ಹಿಜಾ, ಹರಿಯಂಥ ಹಳ್ಳಿಯದೇ ಒಬ್ಬ ಮಾರ್ಗದರ್ಶಿಯನ್ನು, ಅರ್ಧ ದಿನಕ್ಕೆ, ಕಾಲ್ನಡಿಗೆಯಲ್ಲಿ. ಜಿರೊದಲ್ಲಿ ನೋಡಬೇಕಾದ್ದು ಗದ್ದೆ. ನೇಗಿಲಿಲ್ಲ, ಎತ್ತಿಲ್ಲ, ಎಲ್ಲವೂ ಕೈಗೆಲಸ. ಹೊಳೆಯ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ, ಬಿದಿರಿನ ಕೊಳವೆಗಳಿಂದ ಗದ್ದೆಯಿಂದ ಗದ್ದೆಗೆ ಇಳಿಸುತ್ತಾರೆ. ಬತ್ತದ ನಡುವೆ ತೋಡಿದ ಕಾಲುವೆಯಲ್ಲಿ ಮೀನು, ಬದುವಿನ ಮೇಲೆ ಸಿರಿಧಾನ್ಯ. ಒಂದೇ ತುಂಡು ನೆಲದಲ್ಲಿ ಮೂರು ಫಸಲು. ನೀರು ಇಳಿದಾಗ ಮೀನು ಆ ಕಾಲುವೆಗೆ ಸೇರಿಕೊಳ್ಳುತ್ತದೆ. ಊರಿನ ಅಂಚಿಗೆ ಬಿದಿರು ಮತ್ತು ಪೈನ್ ತೋಪುಗಳು ಬೇಲಿ ಹಾಕಿ ಕಾದಿಟ್ಟವು. ಈ ಕಣಿವೆ 2014ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿರುವುದಕ್ಕೆ ಈ ಬೇಸಾಯವೂ ಒಂದು ಮುಖ್ಯ ಕಾರಣ. ಇದನ್ನು ವಿವರಿಸಬಲ್ಲವನು ಅಲ್ಲಿನ ರೈತ ಮಾತ್ರ, ಗುವಾಹಟಿಯಿಂದ ಬಂದ ಚಾಲಕನಲ್ಲ.

ಮನೆಗಳ ಎದುರು ನೆಟ್ಟ ಎತ್ತರದ ಬಾಬೊ ಕಂಬಗಳು ಮಾರ್ಚ್ ಕೊನೆಯ ಮ್ಯೋಕೊ ಹಬ್ಬದವು. ಬಿದಿರಿನ ಸೀಳು, ಮೊಟ್ಟೆಚಿಪ್ಪು ಕಟ್ಟಿದ ಪೂಜೆಯ ಚಪ್ಪರ ಕಂಡರೆ ಮುಟ್ಟಬೇಡಿ. ಪೂಜೆಯ ನಂತರ ಕೆಲವು ದಿನ ಮನೆಗೋ ಊರಿಗೋ ಹೊರಗಿನವರು ಬರಬಾರದೆಂಬ ಕಟ್ಟುಪಾಡು ಇರುತ್ತದೆ. ದಾರಿಗೆ ಅಡ್ಡ ಸೊಪ್ಪು ಕಟ್ಟಿದ್ದರೆ ವಾದಿಸದೆ ಹಿಂತಿರುಗಿ. ಮನೆಯ ನಡುವಿನ ಒಲೆಯನ್ನು ದಾಟಬಾರದು. ಅಪಾಂಗ್ ಎಂಬ ಅಕ್ಕಿಯ ಬಿಯರ್ ಕೊಟ್ಟರೆ, ಕುಡಿಯದವರು ಲೋಟ ಎರಡೂ ಕೈಯಲ್ಲಿ ಹಿಡಿದು ನಮ್ರವಾಗಿ ಬೇಡವೆಂದರೆ ಯಾರೂ ಬೇಸರಪಡುವುದಿಲ್ಲ. ಅಪತಾನಿಗಳ ದ್ರೀ ಹಬ್ಬ ಜುಲೈ 5ಕ್ಕೆ, ಮಳೆಯ ನಡುವೆ. ಆಲೊದ ಗಾಲೊ ಬುಡಕಟ್ಟಿನವರ ಮೋಪಿನ್ ಹಬ್ಬ ಏಪ್ರಿಲ್ 5ಕ್ಕೆ. ಮ್ಯೋಕೊ ಮತ್ತು ಮೋಪಿನ್ ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಬಹುದು, ವಸತಿ ಮಾತ್ರ ತಿಂಗಳುಗಳ ಮುಂಚೆ ಹಿಡಿಯಬೇಕು.

ದಾಪೊರಿಜೊದಲ್ಲಿ ಸುಬನ್‌ಸಿರಿ ನದಿಯ ದಂಡೆ ಬಿಟ್ಟರೆ ಪ್ರವಾಸಿಗೆ ಹೆಚ್ಚಿಲ್ಲ, ಮಲಗುವ ಊರು ಅಷ್ಟೇ. ಅಲ್ಲಿಗೆ ಒಳ್ಳೆಯ ಹೋಟೆಲ್ ಬೇಕೆಂದು ಹಣ ಸುರಿಯಬೇಡಿ.

ಆಲೊ–ಮೆಚುಕಾ ದಾರಿ ಸಿಯೊಮ್ ನದಿಯ ಜೊತೆಜೊತೆಗೇ ಕಾಯಿಂಗ್, ತಾತೊ ಹಾದು ಏರುತ್ತದೆ. ಸಿಕೊ ಡಿಡೊ ಜಲಪಾತ ರಸ್ತೆಗೇ ಕಾಣುತ್ತದೆ. ಕೊನೆಗೆ ಇಕ್ಕಟ್ಟಾದ ಕಣಿವೆ ಒಮ್ಮೆಲೇ ಬಿಚ್ಚಿಕೊಂಡು ಹುಲ್ಲುಗಾವಲು, ಮೇಯುವ ಕುದುರೆ, ವಾಯುಪಡೆಯ ರನ್‌ವೇ, ಹಿಂದೆ ಹಿಮದ ಸಾಲು. ಇಲ್ಲಿನ ಮೆಂಬಾ ಜನ ಬೌದ್ಧರು. ಗುಡ್ಡದ ಮೇಲಿನ ಸಮ್ತೆನ್ ಯೋಂಗ್ಚಾ ಗೊಂಪಾವನ್ನು (ಬೌದ್ಧ ಮಠ) ಬೆಳಗ್ಗೆ ಮೋಡ ಏಳುವ ಮೊದಲು ನೋಡಬೇಕು. ತೂಗುಸೇತುವೆಗಳ ಹಲಗೆ ಕೆಲವೆಡೆ ಕಿತ್ತಿರುತ್ತವೆ, ಒಬ್ಬೊಬ್ಬರಾಗಿ ದಾಟಿ. ಗಡಿಯ ಕಡೆಗೆ ಹೋಗಲು ಸೇನೆಯ ಅನುಮತಿ ಬೇಕು, ಅದು ಆ ದಿನದ ಪರಿಸ್ಥಿತಿಯ ಮೇಲೆ. ‘ಖಚಿತ’ ಎಂದು ಮಾರುವವರನ್ನು ನಂಬಬೇಡಿ.

ವಸತಿ ಎಂದರೆ ಬಹುಪಾಲು ಹೋಮ್‌ಸ್ಟೇ. ಮರದ ಕೋಣೆ, ದಪ್ಪ ರಜಾಯಿ, ಬಕೆಟ್ಟಿನಲ್ಲಿ ಬಿಸಿನೀರು. ಕರೆಂಟು ಹೋಗುತ್ತಿರುತ್ತದೆ, ಪವರ್ ಬ್ಯಾಂಕ್ ಬೇಕು. ಊಟ ಅನ್ನ, ದಾಲ್, ಸೊಪ್ಪು, ಆಲೂಗಡ್ಡೆ, ಕಳಲೆ, ಹಂದಿ ಅಥವಾ ಕೋಳಿ. ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು. ಒಣಮೀನು, ಹಂದಿಯ ಕೊಬ್ಬು ಕೂಡ ಹಾಕಬೇಡಿ ಎಂದು ಬಿಡಿಸಿ ಹೇಳಬೇಕು. ಚಟ್ನಿಪುಡಿ ಜೊತೆಗಿದ್ದರೆ ಹತ್ತು ದಿನದ ಅನ್ನ–ದಾಲ್ ಬೇಸರವಾಗದು. ಆಲೊ, ಪಾಸಿಘಾಟ್ ಕಡೆ ಡಿಮ್ ಡಾಮ್ ಎಂಬ ಪುಟ್ಟ ಕಚ್ಚುನೊಣದ ಕಾಟ. ಕಚ್ಚಿದಾಗ ಗೊತ್ತಾಗುವುದಿಲ್ಲ, ತುರಿಕೆ ದಿನಗಟ್ಟಲೆ ಇರುತ್ತದೆ. ತುಂಬುತೋಳಿನ ಅಂಗಿ, ಕಾಲುಚೀಲ ಹಾಕಿಕೊಳ್ಳಿ. ನಗದನ್ನು ಹಪೋಲಿಯಲ್ಲೇ ತೆಗೆದಿಟ್ಟುಕೊಳ್ಳಿ. ಊರುಗಳ ನಡುವೆ ಮೊಬೈಲ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ, ನಕ್ಷೆ ಆಫ್‌ಲೈನ್ ಇಳಿಸಿಕೊಳ್ಳಿ.

ಹೋಗಬೇಕಾದ ಕಾಲ ಅಕ್ಟೋಬರ್ ಮಧ್ಯದಿಂದ ಏಪ್ರಿಲ್. ಮೇಯಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿಯುತ್ತಲೇ ಇರುತ್ತದೆ. ಆ ತಿಂಗಳಲ್ಲಿ ರಿಯಾಯಿತಿ ಕೊಟ್ಟರೂ ಒಪ್ಪಬೇಡಿ.

ದರ ಕೇಳುವಾಗ ಒಟ್ಟು ಮೊತ್ತಕ್ಕೆ ತೃಪ್ತರಾಗಬೇಡಿ. ಗಾಡಿಯ ದಿನಬಾಡಿಗೆ, ಇಂಧನ, ಚಾಲಕನ ಊಟ–ವಸತಿ, ದಿಬ್ರುಗಢದಲ್ಲಿ ನಿಮ್ಮನ್ನಿಳಿಸಿ ಗಾಡಿ ಖಾಲಿ ಮರಳುವ ದಿನಗಳ ವೆಚ್ಚ, ಹಳ್ಳಿ ಮಾರ್ಗದರ್ಶಿಯ ಸಂಬಳ, ಕೋಣೆ ಮತ್ತು ಊಟ ಇವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಇಬ್ಬರಿದ್ದರೂ ನಾಲ್ವರಿದ್ದರೂ ಗಾಡಿಯ ಖರ್ಚು ಅಷ್ಟೇ, ಹಾಗಾಗಿ ತಲೆಗೆ ಬೀಳುವ ಮೊತ್ತ ನಾಲ್ವರಿಗೆ ಬಹಳ ಇಳಿಯುತ್ತದೆ. ಮುಂಗಡ ಕೊಡುವ ಮೊದಲು ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬೇಕು. ರಸ್ತೆ ಮುಚ್ಚಿ ಆಲೊದಲ್ಲೇ ಉಳಿದರೆ ಹೆಚ್ಚಿನ ರಾತ್ರಿಯ ಖರ್ಚು ಯಾರದು, ಬಳಸದ ಮೆಚುಕಾ ಕೋಣೆಯ ಹಣ ವಾಪಸ್ ಬರುತ್ತದೆಯೇ? ಗಾಡಿ ಕೆಟ್ಟರೆ ಬದಲಿ ಗಾಡಿ ಯಾವ ಊರಿನಿಂದ, ಎಷ್ಟು ಗಂಟೆಯಲ್ಲಿ ಬರುತ್ತದೆ? ಆಲೊದಲ್ಲಿ ತಮ್ಮದೇ ಪರಿಚಯದ ಗಾಡಿ ಇದೆ ಎನ್ನುವವರಿಗೆ ಮುಂಗಡ ಕೊಡಿ. ಗುವಾಹಟಿಯಿಂದ ಕಳಿಸುತ್ತೇವೆ ಎನ್ನುವವರ ಗಾಡಿ ಬರುವ ಹೊತ್ತಿಗೆ ನಿಮ್ಮ ಎರಡು ದಿನ ಕಳೆದಿರುತ್ತವೆ.