ದೊಡ್ಡ ಬೆಕ್ಕುಗಳ ಗೊಂಬೆ ಸೆಟ್: ಬಣ್ಣಕ್ಕೆ ಫುಲ್ ಮಾರ್ಕ್ಸ್, ಅಳತೆಗೆ ಸೊನ್ನೆ

ಆನ್‌ಲೈನ್‌ನಲ್ಲಿ 749 ರೂಪಾಯಿಗೆ ತರಿಸಿದ ಸೆಟ್ ಇದು. ಗಟ್ಟಿ ಪ್ಲಾಸ್ಟಿಕ್, ಒಟ್ಟು 8 ಪ್ರಾಣಿ: ಹುಲಿ, ಸಿಂಹ, ಜಾಗ್ವಾರ್, ಚಿರತೆ, ಹಿಮಚಿರತೆ, ಪೂಮಾ, ಚೀತಾ, ಜೊತೆಗೊಂದು ಕರಿಚಿರತೆ. ಡಬ್ಬದ ಮೇಲೆ ‘ನಿಜವಾದ ಅಳತೆಗೆ ತಕ್ಕಂತೆ’ ಅಂತ ದಪ್ಪ ಅಕ್ಷರದಲ್ಲಿದೆ. ನಾನು ಕೊಂಡಿದ್ದೇ ಆ ಸಾಲು ನೋಡಿ. ಶಿವಮೊಗ್ಗದ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಯಾವ ಪ್ರಾಣಿ ಎಷ್ಟು ದೊಡ್ಡದು ಅಂತ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ತೋರಿಸಬೇಕಿತ್ತು.

ಬಣ್ಣ ಬಳಿದವರು ಕಸುಬು ಬಲ್ಲವರು. ಜಾಗ್ವಾರ್ ಮೈಮೇಲಿನ ಹೂವಿನಂಥ ಗುರುತುಗಳ ಒಳಗೆ ಪುಟ್ಟ ಚುಕ್ಕೆಗಳಿವೆ, ಚಿರತೆಗೆ ಇಲ್ಲ. ಚೀತಾದ ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ ಇಳಿದಿದೆ. ಇಷ್ಟೆಲ್ಲ ನೋಡಿದವರಿಗೆ ಒಂದು ಸ್ಕೇಲ್ ಸಿಗಲಿಲ್ವಾ?

ಸಿಂಹದ ಗೊಂಬೆ ಭುಜದ ಹತ್ತಿರ 6 ಸೆಂ.ಮೀ. ಆಫ್ರಿಕಾದ ದೊಡ್ಡ ಗಂಡು ಸಿಂಹದ ಭುಜ ಸುಮಾರು 120 ಸೆಂ.ಮೀ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಸರಿ, ಒಪ್ಪೋಣ. ಅದೇ ಲೆಕ್ಕದಲ್ಲಿ ಹಿಮಚಿರತೆ 3 ಸೆಂ.ಮೀ. ಇರಬೇಕು, ಅದರ ಭುಜ ಸುಮಾರು 60 ಸೆಂ.ಮೀ. ಅಷ್ಟೇ. ಈ ಗೊಂಬೆ 5 ಇದೆ! ಬಾಲ ಮಾತ್ರ ಮೋಟು. ನಿಜವಾದ ಹಿಮಚಿರತೆಗೆ ಬಾಲವೇ 80ರಿಂದ 100 ಸೆಂ.ಮೀ. ಇಳಿಜಾರು ಬಂಡೆಗಳಲ್ಲಿ ಆಯ ತಪ್ಪದಿರಲು ಅದು ಬೇಕು, ಚಳಿಗೆ ಮುಖ ಮುಚ್ಚಿಕೊಂಡು ಮಲಗುವುದಕ್ಕೂ ಬೇಕು.

ಹುಲಿಗೂ ಅನ್ಯಾಯವೇ. ಸಿಂಹಕ್ಕಿಂತ ಗಿಡ್ಡ, ಸಣಕಲು. ಸಿಂಹ ನಿಂತಾಗ ತುಸು ಎತ್ತರ ಇರಬಹುದು, ಆದರೆ ಉದ್ದದಲ್ಲೂ ತೂಕದಲ್ಲೂ ಸಾಮಾನ್ಯವಾಗಿ ಹುಲಿಯೇ ಮುಂದು. ಕೇಸರದಿಂದ ಸಿಂಹ ದೊಡ್ಡದಾಗಿ ಕಾಣುತ್ತದೆ. ತ್ಯಾವರೆಕೊಪ್ಪದ ಸಫಾರಿಗೆ ಹೋಗಿಬಂದ ಮಕ್ಕಳೂ ಸಿಂಹವೇ ದೊಡ್ಡದು ಅಂತ ವಾದ ಮಾಡುತ್ತಾರೆ. ಎಲ್ಲ ಹುಲಿಯೂ ಒಂದೇ ಸೈಜ್ ಅಂತಲ್ಲ. ಬಂಡೀಪುರ, ನಾಗರಹೊಳೆ ಕಡೆಯ ದೊಡ್ಡ ಗಂಡು 200 ಕೆಜಿ ದಾಟುತ್ತದೆ, ಸುಮಾತ್ರಾದ ಗಂಡು 140ರ ಒಳಗೇ ನಿಲ್ಲುತ್ತದೆ.

ಗೊಂಬೆಗಳನ್ನು ಪಕ್ಕಕ್ಕಿಟ್ಟು ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟೆ. 1 ಕೆಜಿಗೆ 1 ಗ್ರಾಂ ಲೆಕ್ಕ, ಎಲ್ಲವೂ ಬೆಳೆದ ಗಂಡು. ಹುಲಿಗೆ 220 ಗ್ರಾಂ, ಸಿಂಹಕ್ಕೆ 190. ಬ್ರೆಜಿಲ್‌ನ ಪಂತನಾಲ್ ಜೌಗಿನ ಜಾಗ್ವಾರ್‌ಗೆ 100. ಅದೇ ಜಾಗ್ವಾರ್ ಮಧ್ಯ ಅಮೆರಿಕದ್ದಾದರೆ 60 ಸಾಕು. ಪೂಮಾ 65, ಚಿರತೆ 60, ಚೀತಾ 50, ಹಿಮಚಿರತೆ 45. ಕಿರಾಣಿ ಅಂಗಡಿಯಿಂದ ತಕ್ಕಡಿ ಕೇಳಿ ತಂದಿದ್ದೆ. ಒಂದು ಹುಲಿಗೆ ಮೂರು ಚಿರತೆ ಇಟ್ಟರೂ ತಟ್ಟೆ ಸಮ ಆಗಲಿಲ್ಲ. ಚೀತಾ ಮಾಡಿದ ಹುಡುಗಿಗೆ ಕಾಲು ಉದ್ದ ಮಾಡುವಷ್ಟರಲ್ಲಿ ಮಣ್ಣೇ ಮುಗಿಯಿತು. ನಿಜವಾದ ಚೀತಾನೂ ಹಾಗೇ ಅಲ್ವಾ? ಚಿರತೆಗಿಂತ ಎತ್ತರ, ಆದರೆ ಮೈ ಸಪೂರ.

ಇನ್ನು ಆ ಕರಿಚಿರತೆ. ಅದಕ್ಕೆ ಬೇರೆ ಜಾತಿ ಅಂತ ಚೀಟಿ ಅಂಟಿಸಿದ್ದಾರೆ. ಕಬಿನಿಯಲ್ಲಿ ಜನ ಕ್ಯಾಮೆರಾ ಹಿಡಿದು ಕಾಯುವ ಕರಿಚಿರತೆಯೂ ಚಿರತೆಯೇ, ಮೈಬಣ್ಣ ಕಪ್ಪು, ಅಷ್ಟೇ. ಬಿಸಿಲಿಗೆ ಚುಕ್ಕೆಗಳೂ ಕಾಣುತ್ತವೆ. ದೊಡ್ಡ ಬೆಕ್ಕುಗಳ ರಕ್ಷಣೆಗೆ 2023ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಲ್ಲೇ ಶುರುವಾದ ಅಂತರರಾಷ್ಟ್ರೀಯ ಒಕ್ಕೂಟದ ಪಟ್ಟಿಯಲ್ಲಿರುವುದೂ 7 ಜಾತಿಯೇ. ಈ ಡಬ್ಬದಲ್ಲಿ 8!

ಐದಕ್ಕೆ ಎರಡೂವರೆ ಸ್ಟಾರ್. ಪುಟ್ಟ ಮಕ್ಕಳ ಆಟಕ್ಕಾದರೆ ತಗೊಳ್ಳಿ, ಗಟ್ಟಿಯಾಗಿವೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಹೋಗುವುದಿಲ್ಲ. ಪಾಠಕ್ಕಾದರೆ ಬೇಡ. ಎಷ್ಟರಲ್ಲಿ ಒಂದು ಪಾಲು ಅಂತ ಹೊಟ್ಟೆಯ ಕೆಳಗೆ ಅಚ್ಚು ಹಾಕಿದ ಬಿಡಿ ಗೊಂಬೆ ಹುಡುಕಿ, ಇಲ್ಲವೇ ಮಣ್ಣು ತನ್ನಿ.