ಟಿಹುವಾನಾಗೆ ವಾರಾಂತ್ಯ: ಕಾರಲ್ಲೇ ದಾಟೋದಾ, ಟ್ರಾಲಿ ಹಿಡಿಯೋದಾ, ಗಡಿಯಲ್ಲಿ ನಿಲ್ಲಿಸಿ ನಡೆಯೋದಾ?

ಸ್ಯಾನ್ ಡಿಯೇಗೊ ಸುತ್ತಮುತ್ತಲ ಕನ್ನಡಿಗರಿಗೆ ಗಡಿಯಾಚೆಯ ಮೆಕ್ಸಿಕೋದ ಊರು ಟಿಹುವಾನಾ ಶನಿವಾರ ಹೋಗಿ ಭಾನುವಾರ ವಾಪಸ್ ಬರುವಷ್ಟು ಹತ್ತಿರ. ಸ್ಯಾನ್ ಇಸಿಡ್ರೊ ಗಡಿ ಠಾಣೆಯಲ್ಲಿ ದಾಟಲು ಮೂರು ದಾರಿಗಳಿವೆ: ಕಾರು, ಟ್ರಾಲಿ (ಸ್ಯಾನ್ ಡಿಯೇಗೊದ ನಗರ ರೈಲು) ಹಿಡಿದು ನಡಿಗೆ, ಗಡಿ ಪಕ್ಕ ಕಾರು ನಿಲ್ಲಿಸಿ ನಡಿಗೆ. ಮೂರನ್ನೂ ಬಳಸಿದ ಮೇಲೆ ನನ್ನ ಓಟು ಗಡಿ ಪಕ್ಕದ ಪೇಯ್ಡ್ ಪಾರ್ಕಿಂಗ್‌ಗೆ. ಟ್ರಾಲಿಗಿಂತ ದುಡ್ಡು ಜಾಸ್ತಿ ಬೀಳುತ್ತದೆ, ನಿಜ. ಆದರೆ ಭಾನುವಾರ ಎಷ್ಟು ಹೊತ್ತಿಗೆ ಬಂದರೂ ಕಾರು ಅಲ್ಲೇ ಇರುತ್ತದೆ.

ಕಾರಲ್ಲಿ ಹೋಗುವುದು ಸಲೀಸು, ಬರುವುದೇ ಫಜೀತಿ. ಅಮೆರಿಕದ ವಿಮೆ ಮೆಕ್ಸಿಕೋದಲ್ಲಿ ನಡೆಯುವುದಿಲ್ಲ. ಅಲ್ಲಿನ ಕಂಪನಿಯ ವಿಮೆಯನ್ನು ದಿನದ ಲೆಕ್ಕದಲ್ಲಿ ಮೊದಲೇ ಕೊಂಡು ಪ್ರಿಂಟ್ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಲು ಕಾರಿನವರನ್ನು ಸಾಮಾನ್ಯವಾಗಿ ಯಾರೂ ತಡೆದು ನಿಲ್ಲಿಸುವುದಿಲ್ಲ. ನೀವೇ ಕಾರು ಪಕ್ಕಕ್ಕೆ ಹಾಕಿ ಇಮಿಗ್ರೇಶನ್ ಕಚೇರಿ ಹುಡುಕಿಕೊಂಡು ಹೋಗಬೇಕು. ನಡೆದು ಹೋಗುವವರಿಗೆ ಆ ಕೌಂಟರ್ ದಾರಿಯಲ್ಲೇ ಸಿಗುತ್ತದೆ. ವಿದೇಶಿಯರ ಸಾಲಿನಲ್ಲಿ ನಿಂತು, ಹೋಟೆಲ್ ಬುಕಿಂಗ್ ತೋರಿಸಿ, ಎಷ್ಟು ದಿನ ಕೊಟ್ಟಿದ್ದಾರೆ ಎಂದು ಅಲ್ಲೇ ನೋಡಿಕೊಂಡರೆ ಮುಗಿಯಿತು.

ಇನ್ನು ವಾಪಸಾತಿ. ಕಾರಿಗೂ ಕಾಲಿಗೂ ಮೂರು ಬಗೆಯ ಸಾಲುಗಳಿವೆ: ಸಾಮಾನ್ಯ, ರೆಡಿ ಲೇನ್, ಮತ್ತು ಮೊದಲೇ ಅರ್ಜಿ ಹಾಕಿ ಅನುಮತಿ ಪಡೆದವರಿಗೆ ಸೆಂಟ್ರಿ. ರೆಡಿ ಲೇನಿಗೆ ಚಿಪ್ ಇರುವ ಕಾರ್ಡ್ ಬೇಕು. ಗ್ರೀನ್ ಕಾರ್ಡ್ ನಡೆಯುತ್ತದೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಎಚ್-1ಬಿ ವೀಸಾ ನಡೆಯುವುದಿಲ್ಲ. ಕಾರಿನಲ್ಲಾದರೆ 16 ವರ್ಷ ತುಂಬಿದ ಪ್ರತಿಯೊಬ್ಬರ ಬಳಿಯೂ ಅಂಥ ಕಾರ್ಡ್ ಇರಬೇಕು. ಗಂಡನಿಗೆ ಗ್ರೀನ್ ಕಾರ್ಡ್ ಇದ್ದು, ನೋಡಲು ಬಂದ ಅತ್ತೆ-ಮಾವ ಪ್ರವಾಸಿ ವೀಸಾದಲ್ಲಿದ್ದರೆ ಇಡೀ ಕಾರು ಸಾಮಾನ್ಯ ಸಾಲಿಗೆ. ಭಾನುವಾರ ಮಧ್ಯಾಹ್ನದ ಮೇಲೆ ಆ ಸಾಲು ಗಂಟೆಗಟ್ಟಲೆ ಕದಲುವುದಿಲ್ಲ, ಒಳಗೆ ಸಿಕ್ಕಿಕೊಂಡ ಮೇಲೆ ತಿರುಗಿಸಿ ಹೊರಬರಲೂ ಆಗುವುದಿಲ್ಲ.

ನಡಿಗೆಯ ಸಾಲೂ ಉದ್ದವಾಗುತ್ತದೆ, ಆದರೆ ಅದರಲ್ಲಿ ಆಯ್ಕೆ ಇದೆ. ಸಾಲು ನೋಡಿ ಬೇಸರವಾದರೆ ಹಿಂದಕ್ಕೆ ಹೋಗಿ ಟಾಕೋ ತಿಂದು ರಾತ್ರಿ ಬರಬಹುದು. ನಡೆದು ದಾಟುವ ಎರಡು ದ್ವಾರಗಳಲ್ಲಿ ಪೆಡ್‌ಈಸ್ಟ್ 24 ಗಂಟೆಯೂ ತೆರೆದಿರುತ್ತದೆ. ಪೆಡ್‌ವೆಸ್ಟ್ ಹಾಗಲ್ಲ, 2020ರಿಂದೀಚೆಗೆ ಮುಚ್ಚಿದ್ದೂ ಉಂಟು, ಮತ್ತೆ ತೆರೆದಿದ್ದೂ ಉಂಟು. ಅದನ್ನು ನಂಬಿ ಪ್ಲ್ಯಾನ್ ಮಾಡಬೇಡಿ. ಹೊರಡುವ ಮುಂಚೆ ಗಡಿ ಇಲಾಖೆಯ ವೇಟ್ ಟೈಮ್ಸ್ ಆ್ಯಪ್ ನೋಡಿ, ಸಾಲಿಗೆ ಸೇರುವ ಮುಂಚೆ ಶೌಚಾಲಯ ಮುಗಿಸಿಕೊಳ್ಳಿ. ಚೀಲ ಎಕ್ಸ್-ರೇಗೆ ಹೋಗುತ್ತದೆ, ಹಣ್ಣು ಇಟ್ಟುಕೊಳ್ಳಬೇಡಿ. ಕರಿಬೇವಿನ ಸೊಪ್ಪಂತೂ ಬೇಡವೇ ಬೇಡ, ಕಿತ್ತಳೆ-ನಿಂಬೆ ಗಿಡಗಳ ರೋಗದ ಭಯಕ್ಕೆ ಅದನ್ನು ಬಿಡುವುದಿಲ್ಲ.

ಟ್ರಾಲಿ ಅಗ್ಗ. 2021ರಿಂದ ಅದರ ಬ್ಲೂ ಲೈನಿನಲ್ಲಿ ಸ್ಯಾನ್ ಡಿಯೇಗೊ ಉತ್ತರದ ಯುಟಿಸಿ ಬಡಾವಣೆಯಿಂದ ಗಡಿಯವರೆಗೆ ಎಲ್ಲೂ ಇಳಿದು ಬದಲಾಯಿಸದೆ ಹೋಗಬಹುದು, ಒಂದೂವರೆ ಗಂಟೆ ಹಿಡಿಯಿರಿ. ತೊಡಕು ಒಂದೇ: ಸ್ಟೇಷನ್‌ಗಳ ಪುಕ್ಕಟೆ ಪಾರ್ಕಿಂಗಿಗೆ 24 ಗಂಟೆಯ ಮಿತಿ. ಶನಿವಾರ ಬೆಳಿಗ್ಗೆ ನಿಲ್ಲಿಸಿ ಭಾನುವಾರ ಸಂಜೆ ಬಂದರೆ ಮಿತಿ ಮೀರಿರುತ್ತದೆ. ಮನೆಯಿಂದ ಸ್ಟೇಷನ್‌ಗೆ ಬಿಡುವವರು ಇದ್ದರೆ ಮಾತ್ರ ಇದು ಲಾಭ. ಗಡಿಯ ಸಾಲಿನಲ್ಲಿ ತಡವಾದರೆ ಕೊನೆಯ ಟ್ರಾಲಿಯ ಚಿಂತೆಯೂ ಇದೆ.

ಪೇಯ್ಡ್ ಲಾಟ್‌ಗೆ ಐ-5 ಹೆದ್ದಾರಿಯಲ್ಲಿ 'ಲಾಸ್ಟ್ ಯುಎಸ್ಎ ಎಕ್ಸಿಟ್' ಬೋರ್ಡ್ ಕಂಡೊಡನೆ ಬಲಕ್ಕೆ, ಕಮಿನೋ ಡೆ ಲಾ ಪ್ಲಾಸಾಗೆ ಇಳಿಯಿರಿ. ತಪ್ಪಿದರೆ ವಿಮೆಯಿಲ್ಲದ ಕಾರಿನೊಂದಿಗೆ ಸೀದಾ ಮೆಕ್ಸಿಕೋದಲ್ಲಿರುತ್ತೀರಿ. ನಿಲ್ಲಿಸುವ ಮುಂಚೆ ಕೇಳಬೇಕಾದ್ದು ಎರಡು: ದರ 24 ಗಂಟೆಗೋ, ಮಧ್ಯರಾತ್ರಿಗೆ ದಿನ ಬದಲಾಗುತ್ತದೋ? ರಾತ್ರಿ ಗೇಟಿಗೆ ಬೀಗ ಹಾಕುತ್ತಾರೋ? ವಾರಾಂತ್ಯಕ್ಕೆ, ರಜಾ ದಿನಕ್ಕೆ ದರ ಬೇರೆಯಿರುತ್ತದೆ. ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪಕ್ಕದ ಔಟ್‌ಲೆಟ್ ಮಾಲ್‌ನಲ್ಲಿ ಬಿಟ್ಟು ಹೋಗುವ ಜಾಣತನ ಬೇಡ, ಟೋ ಮಾಡುತ್ತಾರೆ.

ಯಾವ ದಾರಿಯಾದರೂ ಕಾಗದ ಪತ್ರದ ವಿಷಯ ಒಂದೇ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಡ. ಅಮೆರಿಕ ವೀಸಾ ಸ್ಟ್ಯಾಂಪಿನ ಅವಧಿ ಮುಗಿದು ಕೈಯಲ್ಲಿ ಐ-797 (ಅರ್ಜಿ ಮಂಜೂರಾದ ಪತ್ರ) ಮಾತ್ರ ಇದ್ದರೆ ಬೇಕು. 30 ದಿನದೊಳಗೆ ಬಂದರೆ ಹಳೆಯ ವೀಸಾದಲ್ಲೇ ಅಮೆರಿಕ ಒಳಗೆ ಬಿಡುತ್ತದೆ ಎಂದು ಹೇಳುವವರು ಮೆಕ್ಸಿಕೋ ಒಳಗೆ ಬಿಡಬೇಕಲ್ಲ ಎನ್ನುವುದನ್ನು ಮರೆಯುತ್ತಾರೆ. ಅಮೆರಿಕ ಪ್ರವೇಶದ ದಾಖಲೆಯಾದ ಐ-94ರ ಪ್ರಿಂಟ್ ಜೊತೆಗಿರಲಿ.

ಗಡಿ ದಾಟಿ ಟಿಹುವಾನಾ ವಿಮಾನ ನಿಲ್ದಾಣಕ್ಕೆ ಸೇರುವ ಸಿಬಿಎಕ್ಸ್ ಸೇತುವೆ ಅಲ್ಲಿನ ವಿಮಾನದ ಟಿಕೆಟ್ ಇದ್ದವರಿಗೆ ಮಾತ್ರ, ಊರು ನೋಡಲಿಕ್ಕಲ್ಲ.

ಒಬ್ಬರೇ ಇದ್ದು, ಬೆನ್ನಿಗೊಂದು ಚೀಲ, ಬೆಳಗಾಗುತ್ತಲೇ ವಾಪಸ್ ಹೊರಡುವ ಅಭ್ಯಾಸ ಇದ್ದವರು ಟ್ರಾಲಿಯಲ್ಲಿ ಉಳಿಸಬಹುದು. ಟಿಹುವಾನಾ ದಾಟಿ ದಕ್ಷಿಣದ ಎನ್ಸೆನಾದಾ ಊರಿನವರೆಗೆ ಹೋಗುವವರಿಗೆ ಕಾರು. ನನ್ನಂತೆ ಭಾನುವಾರ ರಾತ್ರಿ ಊಟ ಮುಗಿಸಿಯೇ ಗಡಿಗೆ ಬರುವವರು ಎರಡು ದಿನದ ಪಾರ್ಕಿಂಗ್ ದುಡ್ಡನ್ನು ಹೋಟೆಲ್ ಬಿಲ್ಲಿಗೇ ಸೇರಿಸಿಬಿಡಿ.